ಬೀರು ಅವರದು, ಗಾಳಿ ನನ್ನದು

ಗಾಳಿಯ ಕೆಲಸ ಮಾಡುವವನ ಅಂಗಡಿಗೆ ಜನ ಬರೀ ಕೆಟ್ಟ ಸ್ಟೋ ಹಿಡಿದುಕೊಂಡು ಬರುವುದಿಲ್ಲ, ತಲೆಯೊಳಗೆ ಹೊಕ್ಕ ಗಾಳಿಯನ್ನೂ ಹಿಡಿದುಕೊಂಡು ಬರುತ್ತಾರೆ. ಸ್ಟೋ ರಿಪೇರಿ ಆಗುತ್ತದೆ, ಇನ್ನೊಂದಕ್ಕೆ ನಾನು ಇವತ್ತಿಗೂ ಬಿಡಿಭಾಗ ಕಂಡಿಲ್ಲ. ಕೊಟ್ಟೂರಿನ ಬಸ್ ಸ್ಟ್ಯಾಂಡ್ ಎದುರು ನನ್ನ ಅಂಗಡಿ ಇತ್ತು. ಪಂಪ್ ಸ್ಟೋ, ಗ್ಯಾಸ್‌ಲೈಟು, ಹೊಲಕ್ಕೆ ಔಷಧ ಹೊಡೆಯುವ ಸ್ಪ್ರೇಯರು, ಸೈಕಲ್ ಟ್ಯೂಬು, ಹೀಗೆ ಎಲ್ಲೆಲ್ಲಿ ಗಾಳಿ ನಿಲ್ಲಬೇಕೋ ಅಲ್ಲಿ ನಿಲ್ಲಿಸುವುದು ನನ್ನ ದಂಧೆ. ಎಪ್ಪತ್ತರ ದಶಕ ಮುಗಿಯುತ್ತಾ ಬಂದಾಗ ಒಬ್ಬ ದನದ ಡಾಕ್ಟರು ವರ್ಗವಾಗಿ ಊರಿಗೆ ಬಂದರು. ಮುಂದಿನ ಎರಡು ವರ್ಷ ನನಗೆ ಸ್ಟೋಗಳಿಗಿಂತ ಅವರದೇ ಕೆಲಸ ಹೆಚ್ಚಾಯಿತು.

ಸ್ವಲ್ಪ ತಡ

ಡಾಕ್ಟರು ಮಂಗಳೂರು ಕಡೆಯವರು. ಮಾತು ಪುಸ್ತಕ ಓದಿದ ಹಾಗೆ, ನಡುನಡುವೆ ಒಂದೊಂದು 'ಮಾರಾಯ'. ಒಂದು ದಿನ ಕಾಂಪೌಂಡರನ ಕೈಲಿ ಹೇಳಿ ಕಳಿಸಿದರು: ಮನೆಯಲ್ಲಿ ಗಾಳಿ ಸೋರುತ್ತಿದೆ, ಬಾ.

ಹೋದೆ. ಹಿತ್ತಲ ಕೋಣೆಯಲ್ಲಿ ಉಪ್ಪಿನಕಾಯಿ ಹಾಕುವಂಥ ದೊಡ್ಡ ಪಿಂಗಾಣಿ ಜಾಡಿ. ಅದರ ಬಾಯಿಗೆ ಬಟ್ಟೆ. ಒಳಗೆ ಏನೋ ಪಿಸುಗುಡುತ್ತಿತ್ತು.

"ಜವೆಗೋಧಿ," ಅಂದರು ಡಾಕ್ಟರು. "ಮೊಳಕೆ ಕಟ್ಟಿ, ಒಣಗಿಸಿ, ಒಡೆದು ಕುದಿಸಿದ್ದು. ಕಹಿಗೆ ನೆಲಬೇವು ಹಾಕಿದ್ದೇನೆ. ಬೇಕರಿಯಿಂದ ತಂದ ಈಸ್ಟು ಹಾಕಿದ್ದೇನೆ. ಈಗ ಅದು ಹುಳಿ ಬರ್ತಾ ಗ್ಯಾಸು ಬಿಡ್ತಾ ಉಂಟು. ಆ ಗ್ಯಾಸು ಹೊರಗೆ ಹೋಗಿಬಿಟ್ರೆ ಕುಡಿಯುವಾಗ ಸಪ್ಪೆ. ಅದು ಒಳಗೇ ನಿಲ್ಲಬೇಕು ಮಾರಾಯ. ಹೊರಗಿನ ಗ್ಯಾಸು ನನಗೆ ಬೇಡ, ಅದರದ್ದೇ ಗ್ಯಾಸು ಅದಕ್ಕೇ ಬೇಕು."

ನನಗೆ ಸಂಶಯ ಬಂತು. "ಡಾಕ್ಟ್ರ, ಇದು ಶೆರೇ ಏನ್ರಿ?"

"ಛೆ, ಶೆರೆ ಅಲ್ಲ. ಬೀರು."

"ಕುಡದ್ರ ಏನಾಗ್ತೈತ್ರಿ?"

"ಅದೇ ಆಗ್ತದೆ. ಸ್ವಲ್ಪ ತಡ ಆಗ್ತದೆ."

ಅವರ ಸಂಕಟವನ್ನೂ ಹೇಳಿದರು. ಸರ್ಕಾರಿ ನೌಕರ, ಸಣ್ಣ ಊರು. ಬ್ರಾಂದಿ ಅಂಗಡಿಯ ಮೆಟ್ಟಿಲು ಹತ್ತಿದರೆ ಇಳಿಯುವಷ್ಟರಲ್ಲಿ ಕೂಡ್ಲಿಗಿಯವರೆಗೆ ಸುದ್ದಿ. ಮನೆಯಲ್ಲಿ ಮಾಡುವುದಕ್ಕೂ ಅಪ್ಪಣೆ ಇಲ್ಲ, ಸಿಕ್ಕಿಬಿದ್ದರೆ ನೌಕರಿಗೇ ಕುತ್ತು. ಹಡಗಿನಲ್ಲಿ ಕೆಲಸ ಮಾಡಿದ್ದ ಅವರ ದೊಡ್ಡಪ್ಪ ಬಿಟ್ಟುಹೋದ ಒಂದು ಪುಸ್ತಕವಿತ್ತು. ಅದನ್ನು ಓದಿದ ಮೇಲೆ ಸುಮ್ಮನೆ ಕೂರಲು ಆಗಿಲ್ಲ ಅಂದರು.

ನಮ್ಮ ಮನೆಯಲ್ಲಿ ಯಾರೂ ಆ ವಸ್ತು ಮುಟ್ಟಿದವರಲ್ಲ. ಅಬ್ಬಾನನ್ನು ಕೇಳದೆ ಕೈ ಹಾಕಬಾರದು ಅನ್ನಿಸಿತು. ಅಬ್ಬಾ ಮನೆಯಲ್ಲಿ ಉರ್ದು ಆಡಿದರೂ ಬೈಯುವುದು ಮಾತ್ರ ಕನ್ನಡದಲ್ಲಿ. ಎಲ್ಲ ಕೇಳಿ ಗಡ್ಡ ನೀವಿಕೊಂಡು ಹೇಳಿದರು: "ಬೀರು ಅವ್ರದು, ಗಾಳಿ ನಿಂದು. ಗಾಳಿ ಹಿಡಿ, ಬಾಯಿ ಮುಚ್ಚು."

ಕುಡಿಯಬೇಡ ಅಂದರೋ, ಯಾರಿಗೂ ಹೇಳಬೇಡ ಅಂದರೋ ಗೊತ್ತಾಗಲಿಲ್ಲ. ಎರಡನ್ನೂ ಪಾಲಿಸಿದೆ.

ಕೋಗಳಿಯ ಎತ್ತು

ಮೊದಲ ಸಲ ಹಿಡಿದದ್ದು ಬಾಟ್ಲಿಗಳಲ್ಲಿ. ದನಗಳಿಗೆ ಸುಣ್ಣದಂಶ ಏರಿಸುವ ಗಾಜಿನ ಬಾಟ್ಲಿಗಳು ಆಸ್ಪತ್ರೆಯಲ್ಲಿ ಖಾಲಿ ಬಿದ್ದಿದ್ದವು. ದಪ್ಪ ಗಾಜು, ರಬ್ಬರ್ ಬಿರಡೆ. ಬೀರು ತುಂಬಿ ಬಿರಡೆ ಹಾಕಿದ ಮೇಲೆ ನಾನು ಕಬ್ಬಿಣದ ತಂತಿಯಿಂದ ಕುತ್ತಿಗೆ ಬಿಗಿದೆ. ಡಾಕ್ಟರ ಹೆಂಡತಿ ಅಡುಗೆ ಮನೆಗೆ ಅದನ್ನು ತರಕೂಡದು ಎಂದು ಕಟ್ಟಪ್ಪಣೆ ಮಾಡಿದ್ದರಿಂದ ಬಾಟ್ಲಿಗಳು ಆಸ್ಪತ್ರೆಯ ಔಷಧದ ಬೀರುವಿಗೆ ಹೋದವು. ಬೀರುವಿನೊಳಗೆ ಬೀರು ಅಂತ ಡಾಕ್ಟರು ಒಬ್ಬರೇ ನಕ್ಕರು.

ಮಾರನೆಯ ದಿನ ಮಧ್ಯಾಹ್ನ ಡಾಕ್ಟರು ಊಟಕ್ಕೆ ಹೋಗಿದ್ದಾಗ ಕೋಗಳಿಯಿಂದ ಒಬ್ಬ ರೈತ ಎತ್ತು ಹೊಡೆದುಕೊಂಡು ಬಂದ. ಎರಡು ದಿನದಿಂದ ಎತ್ತು ಮೇವು ಬಿಟ್ಟಿತ್ತು. ಕಾಂಪೌಂಡರನಿಗೆ ಬೀರುವಿನ ಗುಟ್ಟು ಗೊತ್ತಿರಲಿಲ್ಲ. ಬಾಗಿಲು ತೆಗೆದರೆ ತಂತಿ ಬಿಗಿದ ಹೊಸ ಬಾಟ್ಲಿಗಳು. ಇಷ್ಟು ಜೋಪಾನವಾಗಿ ಕಟ್ಟಿದ್ದಾರೆಂದರೆ ಬಲವಾದ ಔಷಧವೇ ಇರಬೇಕೆಂದು ಎರಡು ಬಾಟ್ಲಿ ಬಿಚ್ಚಿ, ಬಿದಿರಿನ ಗೊಟ್ಟಕ್ಕೆ ಸುರಿದು ಎತ್ತಿನ ಗಂಟಲಿಗೆ ಇಳಿಸಿದ.

ಡಾಕ್ಟರು ಬರುವಷ್ಟರಲ್ಲಿ ಎತ್ತು ಆಸ್ಪತ್ರೆಯ ಬೇಲಿಯನ್ನು ಮೇಯುತ್ತಿತ್ತು. ರೈತ ಕೈಮುಗಿದು ಹೊಡೆದುಕೊಂಡು ಹೋದ. ಎತ್ತಿಗೆ ಏನಾದರೂ ಆದರೆ ಏನು ಉತ್ತರ ಕೊಡುವುದೆಂದು ಡಾಕ್ಟರು ನಾಲ್ಕು ದಿನ ಸರಿಯಾಗಿ ಉಣ್ಣಲಿಲ್ಲ. ಐದನೆಯ ದಿನ ಆ ರೈತ ಎತ್ತು ಇಲ್ಲದೆ ಒಬ್ಬನೇ ಬಂದು ಬಾಗಿಲಲ್ಲಿ ನಿಂತ. ಡಾಕ್ಟರ ಮುಖ ಬಿಳಚಿತು.

"ಏನಾಯ್ತು? ಎತ್ತು ಎಲ್ಲಿ?"

"ಎತ್ತು ಆರಾಮೈತ್ರಿ. ಎರಡು ಎತ್ತಿನ ಮೇವು ತಿಂತೈತಿ. ಅವತ್ತಿಂದು ಔಷಧ ಇನ್ನೊಂದು ಬಾಟ್ಲಿ ಬೇಕಾಗಿತ್ರಿ."

"ಆರಾಮ ಇದ್ದರೆ ಮತ್ತೆ ಯಾಕೆ?"

ರೈತ ಅತ್ತಿತ್ತ ನೋಡಿ ಹತ್ತಿರ ಬಂದ. "ಅವತ್ತು ಗೊಟ್ಟದಾಗ ಒಂದೀಟು ಉಳದಿತ್ರಿ. ಔಷಧ ಚೆಲ್ಲಬಾರದಂತ ನಾನ ಕುಡದೆ. ಈಗ ಮೇವು ಬಿಟ್ಟಾಂವ ನಾನ ಅದೀನ್ರಿ."

ಸೈಕಲ್ಲಿನ ತಪ್ಪು

ಉಳಿದ ಬಾಟ್ಲಿಗಳ ಬಿರಡೆಗಳು ಆ ವಾರವೇ ಒಂದೊಂದಾಗಿ ಹಾರಿದವು. ಗಾಳಿಯನ್ನು ಮೊದಲು ಬೇರೆ ಕಡೆ ಕೂಡಿಟ್ಟು ಆಮೇಲೆ ಬೀರಿಗೆ ವಾಪಸು ಕೊಡೋಣ ಅನ್ನುವುದು ಡಾಕ್ಟರ ಎರಡನೆಯ ಯೋಚನೆ. ಜಾಡಿಗೆ ಮುಚ್ಚಳ ಕೂರಿಸಿ, ಅರಗಿನಿಂದ ಸಂದು ಮುಚ್ಚಿ, ರಬ್ಬರ್ ನಳಿಗೆ ಎಳೆದು ಅದರ ತುದಿಗೆ ನನ್ನ ಸೈಕಲ್ಲಿನ ಟ್ಯೂಬು ಕಟ್ಟಿದೆ. ಎರಡು ದಿನದಲ್ಲಿ ಟ್ಯೂಬು ಮೆತ್ತಗೆ ಉಬ್ಬಿತು. ಆ ಗಾಳಿಯನ್ನು ವಾಪಸು ಬೀರಿನೊಳಗೆ ಬಿಟ್ಟರೆ ಅದು ಬುಳುಬುಳು ಅಂತ ಮೇಲೆ ಬಂದು ನಮ್ಮ ಮುಖ ನೋಡಿ ಹೊರಟೇ ಹೋಯಿತು.

"ಮನೆ ಬಿಟ್ಟು ಹೋದದ್ದು ಮತ್ತೆ ಒಳಗೆ ನಿಲ್ಲುವುದಿಲ್ಲ," ಅಂದರು ಡಾಕ್ಟರು.

ಟ್ಯೂಬಿನಲ್ಲಿ ಅರ್ಧ ಗಾಳಿ ಇನ್ನೂ ಇತ್ತು. ಬಿಡುವುದೇಕೆಂದು ಹಾಗೇ ಚಕ್ರಕ್ಕೆ ಹಾಕಿ, ಮೇಲೆ ನಾಲ್ಕು ಪಂಪು ಹೊಡೆದು ಮನೆಗೆ ಹೋದೆ. ಸೈಕಲ್ಲನ್ನು ಪಡಸಾಲೆಯಲ್ಲಿ ಒರಗಿಸಿದೆ. ಬೀರಿನ ಗಾಳಿಗೆ ರಬ್ಬರಿನಿಂದ ಬೇಗ ಸೋರುವ ಚಾಳಿ ಇದೆ ಅಂತ ನನಗೆ ಗೊತ್ತಿರಲಿಲ್ಲ. ವಾಲ್ವೂ ಸಡಿಲ ಇತ್ತು. ಬೆಳಗಿನ ನಮಾಜು ಮುಗಿಸಿ ಬಂದ ಅಬ್ಬಾ ಪಡಸಾಲೆಯಲ್ಲಿ ನಿಂತು ಮೂಗರಳಿಸಿದರು. ನನ್ನನ್ನು ಎಬ್ಬಿಸಿ ಬಾಯಿ ಮೂಸಿದರು. ಏನೂ ಇಲ್ಲ. ತಮ್ಮನ ಬಾಯಿ ಮೂಸಿದರು. ಅಲ್ಲೂ ಇಲ್ಲ. ವಾಸನೆ ಹಿಡಿದುಕೊಂಡು ಹೋಗಿ ಸೈಕಲ್ಲಿನ ಹಿಂದಿನ ಚಕ್ರದ ಹತ್ತಿರ ಕೂತರು. ಟೈರು ಚಪ್ಪಟೆಯಾಗಿ ನೆಲಕ್ಕೆ ಅಂಟಿತ್ತು.

"ನೀ ಕುಡದಿಲ್ಲ, ಖರೆ," ಅಂದರು ಅಬ್ಬಾ. "ಸೈಕಲ್ ಕುಡದೈತಲ್ಲಲೇ! ನೋಡು, ಹೆಂಗ ಬಿದ್ದೈತಿ."

ಅಜವಾನದ ಕಷಾಯ

ಆಮೇಲೆ ನನಗೆ ಗೋಲಿಸೋಡಾದ ಬಾಟ್ಲಿ ಹೊಳೆಯಿತು. ನನ್ನ ಅಕ್ಕನ ಗಂಡನದು ಸೋಡಾ ಫ್ಯಾಕ್ಟರಿ. ಫ್ಯಾಕ್ಟರಿ ಅಂದರೆ ಒಂದು ಕೋಣೆ, ಒಂದು ತಿರುಗಿಸುವ ಯಂತ್ರ. ಆ ಬಾಟ್ಲಿಯ ಹಿಕ್ಮತ್ತು ಸರಳ: ಒಳಗಿನ ಗಾಳಿಯೇ ಗೋಲಿಯನ್ನು ಕುತ್ತಿಗೆಯ ರಬ್ಬರ್ ಉಂಗುರಕ್ಕೆ ಒತ್ತಿ ಹಿಡಿಯುತ್ತದೆ. ಗಾಳಿ ಹೆಚ್ಚಾದಷ್ಟೂ ಬಿಗಿ. ಬೀರನ್ನು ತುಂಬಿ, ಗೋಲಿ ಉಂಗುರದ ಮೇಲೆ ಕೂರುವಂತೆ ಬಾಟ್ಲಿಗಳನ್ನು ಉಸುಕಿನ ಪೆಟ್ಟಿಗೆಯಲ್ಲಿ ತಲೆಕೆಳಗಾಗಿ ನೆಟ್ಟೆವು. ಮೂರು ದಿನದ ಮೇಲೆ ಎತ್ತಿ ನೆಟ್ಟಗೆ ನಿಲ್ಲಿಸಿದರೆ ಗೋಲಿ ಮೇಲೇ ನಿಂತಿತ್ತು! ಡಾಕ್ಟರು ನನ್ನನ್ನು ಅಪ್ಪಿಕೊಂಡರು. ನನ್ನ ವೃತ್ತಿಯಲ್ಲಿ ಯಾರೂ ಅಪ್ಪಿಕೊಂಡಿರಲಿಲ್ಲ, ಸ್ಟೋದವರು ಗೊಣಗುತ್ತಾ ಹೋಗುವವರು.

ತೊಂದರೆ ಬಂದದ್ದು ಶಬ್ದದಿಂದ. ಗೋಲಿಯನ್ನು ಒತ್ತಿದರೆ ಕೀಂಯ್ ಅಂತ ಒಂದು ಕೂಗು, ಅದು ಮೂರು ಮನೆಗೆ ಕೇಳುತ್ತದೆ. ಡಾಕ್ಟರ ಮನೆಯಿಂದ ದಿನಾ ಸಂಜೆ ಆರಕ್ಕೆ ಒಂದು ಕೀಂಯ್, ಆರೂವರೆಗೆ ಇನ್ನೊಂದು. ಓಣಿಯವರು ತಿಳಿದುಕೊಂಡದ್ದು, ಪಾಪ, ಡಾಕ್ಟರಿಗೆ ಹೊಟ್ಟೆ ಉಬ್ಬರ, ಸೋಡಾದ ಮೇಲೇ ಬದುಕಿದ್ದಾರೆ ಅಂತ.

ಪಕ್ಕದ ಮನೆಯ ಅಜ್ಜಿಗೆ ಕರುಳು ಚುರುಕ್ ಎಂದಿತು. ಅಜವಾನ, ಕರಿಮೆಣಸು, ಇಂಗು ಹಾಕಿ ಕಷಾಯ ಕಾಸಿಕೊಂಡು ಕಂಚಿನ ಲೋಟ ಹಿಡಿದು ಸಂಜೆ ಆರಕ್ಕೆ ಸರಿಯಾಗಿ ಬಂದರು.

"ಕುಡೀರಿ ಡಾಕ್ಟ್ರ. ನಾ ನೋಡಿದ ಮ್ಯಾಲೇ ಹೋಗಾಕಿ."

ಡಾಕ್ಟರು ಕಣ್ಣು ಮುಚ್ಚಿ ಕುಡಿದರು. ಅಜ್ಜಿ ಹೋದ ಮೇಲೆ ಬಾಯಿ ಉರಿ ತಣಿಸಲು ಒಂದರ ಬದಲು ಎರಡು ಗೋಲಿ ಒತ್ತಬೇಕಾಯಿತು. ಎರಡು ಕೀಂಯ್ ಒಟ್ಟಿಗೆ ಕೇಳಿದ ಅಜ್ಜಿ ರೋಗ ಹೆಚ್ಚಾಯಿತೆಂದು ಮರುದಿನ ಲೋಟದ ಬದಲು ಚಂಬು ತಂದರು.

ಹದಿನೈದು ದಿನ ನಡೆಯಿತು. ಕೊನೆಗೆ ಡಾಕ್ಟರೇ ನನ್ನ ಅಂಗಡಿಗೆ ಬಂದು ಕೂತರು. ಸೊರಗಿದ್ದರು. "ಗೋಲಿ ಬೇಡ ಮಾರಾಯ. ಶಬ್ದ ಇಲ್ಲದ್ದು ಏನಾದರೂ ಮಾಡು. ಆ ಕಷಾಯ ಕುಡಿಯುವ ತನಕ ನನಗೆ ಹೊಟ್ಟೆ ಸರಿ ಇತ್ತು."

ಜೀಪು

ಸರಿ, ಹಾಲಿನ ಕ್ಯಾನಿಗೆ ಸ್ಪ್ರೇಯರಿನ ಮುಚ್ಚಳ ಕೂರಿಸುತ್ತಾ ಅಂಗಡಿಯಲ್ಲಿ ಕೂತಿದ್ದೆ. ಹರಪನಹಳ್ಳಿ ಕಡೆಯಿಂದ ಬಂದ ಜೀಪೊಂದು ಎದುರಿಗೇ ನಿಂತಿತು. ಇಳಿದವರು ಅಬಕಾರಿ ಇನ್ಸ್‌ಪೆಕ್ಟರು. ನನ್ನ ಕೈಯಲ್ಲಿದ್ದ ಸ್ಪ್ಯಾನರ್ ಬಿತ್ತು.

"ಗಾಳಿ ಹಿಡಿಯೋದ್ರಾಗೆ ಈ ಕಡೆಗೆಲ್ಲ ನೀನೇ ಅಂತಲ್ಲಪ್ಪಾ," ಅಂದರು.

ಯಾರೋ ಹೇಳಿಬಿಟ್ಟಿದ್ದಾರೆ ಅಂದುಕೊಂಡೆ. ಡಾಕ್ಟರ ನೌಕರಿ, ಅಬ್ಬಾನ ಮಾನ, ಅಕ್ಕನ ಗಂಡನ ಸೋಡಾ ಯಂತ್ರ ಎಲ್ಲ ಕಣ್ಣ ಮುಂದೆ ಹಾದುಹೋದವು.

"ಸಾಹೇಬ್ರ, ದೇವರಾಣಿ, ನಾ ಒಂದು ಹನಿ ಬಾಯಿಗೆ ಹಾಕಿಲ್ರಿ. ಬರೇ ಗಾಳಿ ಅಷ್ಟ ಹಿಡದೀನ್ರಿ."

ಇನ್ಸ್‌ಪೆಕ್ಟರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಜೀಪಿನ ಹಿಂದಿನಿಂದ ಒಂದು ಪಂಪ್ ಸ್ಟೋ ತೆಗೆಸಿ ನನ್ನ ಮುಂದೆ ಇಟ್ಟರು.

"ಸ್ಟೋಗೆ ಗಾಳಿ ಹಿಡಿಯೋಕೆ ಬಾಯಿಗೆ ಯಾಕಪ್ಪಾ ಹಾಕ್ಕೊಬೇಕು? ವಾಷರ್ ಹಾಕು ಸಾಕು."

ಟ್ರಂಕ್ ಕಾಲ್

ಆ ಕ್ಯಾನು ನನ್ನ ಕೈಯಿಂದಾದ ಒಳ್ಳೆಯ ಕೆಲಸಗಳಲ್ಲಿ ಒಂದು. ಮುಚ್ಚಳದ ಮೇಲೆ ಒತ್ತಡ ತೋರಿಸುವ ಮುಳ್ಳು, ಒತ್ತಡ ಹೆಚ್ಚಾದರೆ ಹೊರಗೆ ಬಿಡಲು ಕುಕ್ಕರಿನ ಗುಂಡು, ಅದರ ಪಕ್ಕದಲ್ಲಿ ಗಾಳಿಗೆ ಒಂದು ನಲ್ಲಿ, ಕ್ಯಾನಿನ ಬುಡದಲ್ಲಿ ಬೀರಿಗೆ ಇನ್ನೊಂದು. ಗಾಳಿಯ ನಲ್ಲಿಯಿಂದ ರಬ್ಬರ್ ನಳಿಗೆ ಒಂದು ನೀರಿನ ಲೋಟಕ್ಕೆ. ಬೀರು ಹುಳಿ ಬರುವಾಗ ಹುಟ್ಟುವ ಗಾಳಿ ಲೋಟದಲ್ಲಿ ಗುಳ್ಳೆಯಾಗಿ ಏಳುತ್ತದೆ. ಮೊದಲು ಜೋರು, ದಿನ ಕಳೆದಂತೆ ನಿಧಾನ. ಬೇಗ ಆ ನಲ್ಲಿ ಮುಚ್ಚಿದರೆ ಗುಂಡೂ ತಾಳದಷ್ಟು ಒತ್ತಡ ಏರಿ ಕ್ಯಾನು ಹಾರುತ್ತದೆ, ತಡವಾಗಿ ಮುಚ್ಚಿದರೆ ಹಿಡಿಯಲು ಗಾಳಿಯೇ ಉಳಿದಿರುವುದಿಲ್ಲ. ನಿಮಿಷಕ್ಕೆ ನಾಲ್ಕು ಗುಳ್ಳೆಗೆ ಇಳಿದಾಗ ಮುಚ್ಚಬೇಕು ಅಂತ ಡಾಕ್ಟರ ಲೆಕ್ಕ. ಗುಳ್ಳೆಗೆ ನಾವು 'ಉಸಿರು' ಅಂತ ಹೆಸರಿಟ್ಟಿದ್ದೆವು.

ಅದೇ ವಾರ ಡಾಕ್ಟರಿಗೆ ಹಡಗಲಿ ಕಡೆ ದನಗಳಿಗೆ ಚುಚ್ಚುಮದ್ದಿನ ಕ್ಯಾಂಪು ಬಿತ್ತು. ಅದೇ ವಾರ ಅವರ ಅತ್ತೆಯೂ ಊರಿಂದ ಬಂದರು. ಎಪ್ಪತ್ತು ದಾಟಿದ ಹೆಂಗಸು, ಬಸ್ಸಿನ ಧೂಳಿಗೆ ಕೆಮ್ಮು ಹಿಡಿದು ಎರಡು ದಿನ ಹೊರಗೆ ಬಂದಿರಲಿಲ್ಲ. ಅತ್ತೆಗೆ ಬೀರಿನ ವಿಷಯ ಗೊತ್ತಾಗಬಾರದು ಅಂತ ಕ್ಯಾನಿನ ಮೇಲೆ 'ಪಶು ಔಷಧ' ಅಂತ ಚೀಟಿ ಅಂಟಿಸಿ, ಉಸಿರೆಣಿಸುವ ಕೆಲಸ ನನಗೆ ಒಪ್ಪಿಸಿ ಡಾಕ್ಟರು ಹೊರಟರು.

ಮೂರನೆಯ ದಿನ ಬೆಳಿಗ್ಗೆ ಪೋಸ್ಟ್‌ಮನ್ ಓಡಿಬಂದ. ಹಡಗಲಿಯಿಂದ ನನಗೆ ಟ್ರಂಕ್ ಕಾಲ್. ಅಂಚೆ ಕಚೇರಿಯಲ್ಲಿ ಸಂತೆಯ ದಿನದ ಗದ್ದಲ. ಲೈನು ಗೊರಗೊರ ಅನ್ನುತ್ತಿತ್ತು. ಡಾಕ್ಟರ ಮಾತು ನನ್ನ ಕಿವಿಗೆ ಮಾತ್ರ, ನನ್ನ ಮಾತು ಇಡೀ ಕಚೇರಿಗೆ.

"ಹಲೋ! ಉಸಿರು ಭಾಳ ಇಳದೈತ್ರಿ ಡಾಕ್ಟ್ರ! ನಿನ್ನೆ ಮಿನಿಟಿಗೆ ಮೂವತ್ತಿತ್ತು, ಈಗ ಎಂಟು!"

ಪೋಸ್ಟ್ ಮಾಸ್ತರರು ಮುದ್ರೆ ಒತ್ತುವುದನ್ನು ನಿಲ್ಲಿಸಿದರು.

"ಇಲ್ರಿ, ಇನ್ನೂ ಬಾಯಿ ಮುಚ್ಚಿಲ್ರಿ! ... ಹಾಂ, ನಾಕಕ್ಕ ಬಂದ ಕೂಡ್ಲೆ ಮುಚ್ತೀನ್ರಿ. ... ಮಧ್ಯಾಹ್ನದತನ ಬರಬಹುದ್ರಿ. ... ಅಮ್ಮಾವ್ರಿಗೆ ಏನೂ ಹೇಳಿಲ್ರಿ. ... ಬಾಯಿ ಬಿಗಿಯಾಗೇ ಕಟ್ತೀನ್ರಿ, ಬಿಚ್ಚಲಾರದಂಗ! ... ನೀವು ಬರೂತನ ನೆಳ್ಳಾಗ ಇಟ್ಟಿರ್ತೀನ್ರಿ, ಮ್ಯಾಲೆ ಹಸಿ ಗೋಣಿ ಹೊಚ್ಚಿ! ... ವಾಸನಿ ಬರಾಂಗಿಲ್ರಿ, ನೀವು ಘಾಬರಿ ಆಗಬ್ಯಾಡ್ರಿ!"

ಫೋನು ಇಟ್ಟು ತಿರುಗಿದೆ. ಪೋಸ್ಟ್ ಮಾಸ್ತರರು ಕನ್ನಡಕ ತೆಗೆದು ಒರೆಸುತ್ತಿದ್ದರು. ನನ್ನ ಹೆಗಲ ಮೇಲೆ ಕೈ ಇಟ್ಟು, "ಧೈರ್ಯ ತಗೋಪ್ಪಾ. ಪರರ ಮನಿ ಕೆಲಸಾನ ಮಗನಂಗ ಮಾಡಾಕ ಹತ್ತಿ," ಅಂದರು. ನನಗೆ ಗಡಿಬಿಡಿ. ಕ್ಯಾನಿನ ವಿಷಯ ಇವರಿಗೆ ಹೇಗೆ ಗೊತ್ತಾಯಿತೆಂದು ಹೆದರಿ, ತಲೆಯಾಡಿಸಿ ಓಡಿದೆ.

ಹಿತ್ತಲ ಕೋಣೆಯಲ್ಲಿ ಕೂತು ಗಡಿಯಾರ ನೋಡಿಕೊಂಡು ಎಣಿಸಿದೆ. ಏಳು, ಆರು, ಹನ್ನೆರಡರ ಸುಮಾರಿಗೆ ಐದು. ಒಂದು ಗಂಟೆಗೆ ಸರಿಯಾಗಿ ನಾಲ್ಕು. ನಲ್ಲಿ ಮುಚ್ಚಿ, ಬಿಗಿ ಮಾಡಿ, ಹಸಿ ಗೋಣಿ ಹೊದಿಸಿದೆ. ಆಗ ಹೊರಗೆ ಜನರ ಸದ್ದು ಕೇಳಿಸಿತು.

ಪಡಸಾಲೆಗೆ ಬಂದು ಕಿಟಕಿಯಿಂದ ನೋಡಿದೆ. ಓಣಿ ತುಂಬಾ ಜನ. ಮುಂದೆ ಪೋಸ್ಟ್ ಮಾಸ್ತರರು, ಕೈಯಲ್ಲಿ ಸೇವಂತಿಗೆ ಹಾರ. ಕಾಂಪೌಂಡರ್ ಆಸ್ಪತ್ರೆಗೆ ಬೀಗ ಹಾಕಿ ಬಂದಿದ್ದ. ಯಾರೋ ನಾಲ್ಕು ಬಿದಿರು ತಂದು ಕಟ್ಟೆಗೆ ಒರಗಿಸಿದ್ದರು. ಪಕ್ಕದ ಮನೆಯ ಅಜ್ಜಿ ಸೆರಗು ಬಾಯಿಗೆ ಒತ್ತಿಕೊಂಡು ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದರು. ಡಾಕ್ಟರ ಹೆಂಡತಿ ಸಂತೆಗೆ ಹೋಗಿದ್ದರು. ನನಗೆ ಏನಾಗುತ್ತಿದೆಯೆಂದು ತಿಳಿಯುವ ಮೊದಲೇ ಬಾಗಿಲು ತೆರೆಯಿತು. ತೆರೆದವರು ಅತ್ತೆ. ಕೈಯಲ್ಲಿ ಸೌಟು.

ಜನ ಒಂದು ಹೆಜ್ಜೆ ಹಿಂದೆ ಸರಿದರು.

"ಎಂತದು ಇದು? ಎಲ್ಲ ಯಾಕೆ ಬಂದದ್ದು?"

ಪೋಸ್ಟ್ ಮಾಸ್ತರರು ಹಾರವನ್ನು ಬೆನ್ನ ಹಿಂದೆ ಮಾಡಿದರು. "ಅದು... ಅಮ್ಮಾರ... ಹಿರ್ಯಾರು ಹೋದ್ರಂತ..."

"ಯಾರು ಹೋದದ್ದು?"

ಗಂಡಸರೆಲ್ಲ ನೆಲ ನೋಡಿದರು. ಅಜ್ಜಿಯೇ ಎದ್ದು, ಕಣ್ಣು ಒರೆಸಿಕೊಂಡು, ಆದಷ್ಟು ಮೆಲ್ಲಗೆ ಹೇಳಿದರು: "ನೀವ ರೀ."

ಅತ್ತೆ ಸೌಟು ಕೆಳಗಿಳಿಸಿದರು. ಬಿದಿರು ನೋಡಿದರು, ಹಾರ ನೋಡಿದರು. "ಯಾವಾಗ?" ಅಂದರು.

"ಒಂದು ಗಂಟೆ ಸುಮಾರ," ಅಂದ ಕಾಂಪೌಂಡರ್.

ಪೋಸ್ಟ್ ಮಾಸ್ತರರ ಕಣ್ಣು ಅತ್ತೆಯ ಹಿಂದೆ ನಿಂತಿದ್ದ ನನ್ನ ಮೇಲೆ ಬಿತ್ತು. "ಇವನ ರೀ! ಉಸಿರು ಎಂಟಕ್ಕ ಇಳದೈತಿ, ಬಾಯಿ ಕಟ್ತೀನಿ, ಹಸಿ ಗೋಣಿ ಹೊಚ್ತೀನಿ ಅಂತ ಎಲ್ಲಾರ ಮುಂದ ಒದರ‍್ಯಾನ! ಯಾರ ಬಾಯಿ ಕಟ್ಟಿಲೇ ನೀನು?"

ನಿಜ ಹೇಳಿದರೆ ಡಾಕ್ಟರ ನೌಕರಿ ಆ ಬಿದಿರಿನ ಮೇಲೇ ಹೋಗುತ್ತದೆ. ಅತ್ತೆ ನನ್ನನ್ನೊಮ್ಮೆ ನೋಡಿ ಹಿತ್ತಲ ಕೋಣೆಗೆ ಹೋದರು. ಗೋಣಿ ಸರಿಸಿದ ಸದ್ದು ಕೇಳಿಸಿತು. ವಾಪಸು ಬಂದು ಸೌಟು ಎತ್ತಿ ಹೇಳಿದರು:

"ದೋಸೆ ಹಿಟ್ಟು. ನಾನೇ ಇವನಿಗೆ ನೋಡಿಕೊಳ್ಳಲಿಕ್ಕೆ ಹೇಳಿದ್ದು. ನಮ್ಮ ಊರಲ್ಲಿ ಹಿಟ್ಟು ಉಬ್ಬುವಾಗ ಉಸಿರು ಎಣಿಸುವ ಪದ್ಧತಿ ಉಂಟು. ಹಾರ ಕೊಟ್ಟು ಹೋಗಿ, ದೇವರಿಗೆ ಆಗ್ತದೆ."

ಜನ ಹಾರ ಕೊಟ್ಟು ಹೋದರು. ಬಿದಿರನ್ನು ವಾಪಸು ಹೊತ್ತವರು ಮಾತ್ರ ಸ್ವಲ್ಪ ಬೇಜಾರಿನಲ್ಲಿದ್ದರು.

ನಾಲ್ಕು ದಿನದ ಮೇಲೆ ಡಾಕ್ಟರು ಬಂದರು. ಅತ್ತೆ ಮಲಗಿದ್ದಾರೆಂದು ಖಾತ್ರಿ ಮಾಡಿಕೊಂಡು ಮಟಮಟ ಮಧ್ಯಾಹ್ನ ನಾವಿಬ್ಬರೂ ಹಿತ್ತಲ ಕೋಣೆಯ ಬಾಗಿಲು ಹಾಕಿಕೊಂಡೆವು. ಮುಳ್ಳು ನಿಲ್ಲಬೇಕಾದಲ್ಲಿ ನಿಂತಿತ್ತು. ಡಾಕ್ಟರು ಬುಡದ ನಲ್ಲಿ ತಿರುಗಿಸಿದರು. ಗ್ಲಾಸಿನಲ್ಲಿ ಎರಡು ಬೆರಳು ಬಿಳಿ ನೊರೆ, ಕೆಳಗೆ ಬಂಗಾರದ ಬಣ್ಣ, ಅದರೊಳಗೆ ಸಾಸಿವೆಯಂಥ ಗುಳ್ಳೆಗಳು ಸಾಲು ಹಿಡಿದು ಮೇಲೇಳುತ್ತಿದ್ದವು. ಹೊರಗಿನದು ಒಂದು ಚೂರೂ ಇಲ್ಲ, ಎಲ್ಲ ಅದರದ್ದೇ ಗಾಳಿ. ಡಾಕ್ಟರ ಕಣ್ಣಲ್ಲಿ ನೀರು ಬಂತು. ಗ್ಲಾಸು ತುಟಿಯ ಹತ್ತಿರ ಹೋಗುವಷ್ಟರಲ್ಲಿ ಬಾಗಿಲು ತೆರೆಯಿತು.

ಅತ್ತೆ ಒಳಗೆ ಬಂದು, ಅಳಿಯನ ಕೈಯಿಂದ ಗ್ಲಾಸು ತೆಗೆದುಕೊಂಡು, ಜವೆಗೋಧಿಯ ಮೂಟೆಯ ಮೇಲೆ ಆರಾಮವಾಗಿ ಕೂತರು.

"ಎಂತ ನೋಡೋದು?" ಅಂದರು. "ಸತ್ತವರಿಗಲ್ಲವಾ ಮೊದಲು ಎಡೆ ಇಡೋದು?"